ಎಷ್ಟು ಜನರನ್ನು ನಂಬಬಹುದು? ಸಮೀಕ್ಷೆಯ ಅಂಕಿಗಳ ಹಿಂದಿನ ಮಾತು

ಪ್ರತಿ ವರ್ಷ ಜನವರಿಯಲ್ಲಿ, ದಾವೋಸ್‌ನಲ್ಲಿ ಜಗತ್ತಿನ ಉದ್ಯಮಪತಿಗಳು ಸೇರುವ ಹೊತ್ತಿಗೆ, ಎಡೆಲ್‌ಮನ್ ಎಂಬ ಸಾರ್ವಜನಿಕ ಸಂಪರ್ಕ ಕಂಪನಿ 'ಟ್ರಸ್ಟ್ ಬ್ಯಾರೋಮೀಟರ್' ಎಂಬ ವರದಿಯನ್ನು ಹೊರತರುತ್ತದೆ. 2024ರಲ್ಲಿ 28 ದೇಶಗಳ ಈ ಪಟ್ಟಿಯಲ್ಲಿ 79 ಅಂಕ ಪಡೆದ ಚೀನಾದ ನಂತರ 76 ಅಂಕದೊಂದಿಗೆ ಭಾರತ ಎರಡನೆಯ ಸ್ಥಾನದಲ್ಲಿತ್ತು. ಇದೇ ಭಾರತದಲ್ಲಿ, ಹಲವು ದೇಶಗಳ ಜನರ ಮೌಲ್ಯ, ಧೋರಣೆಗಳನ್ನು ಕೇಳುವ ವಿಶ್ವ ಮೌಲ್ಯ ಸಮೀಕ್ಷೆಯವರು 1990ರಿಂದ 2012ರವರೆಗೆ ಹಲವು ಸುತ್ತುಗಳಲ್ಲಿ 'ಸಾಮಾನ್ಯವಾಗಿ ಹೆಚ್ಚಿನ ಜನರನ್ನು ನಂಬಬಹುದೇ' ಎಂಬ ಅರ್ಥದ ಪ್ರಶ್ನೆ ಕೇಳಿದಾಗ, ನಂಬಬಹುದು ಎಂದವರ ಪ್ರಮಾಣ ಒಂದು ಸುತ್ತಿನಲ್ಲೂ ಅರ್ಧವನ್ನು ಮುಟ್ಟಲಿಲ್ಲ. ಮೊದಲನೆಯ ವರದಿಯನ್ನಷ್ಟೇ ಓದಿದವರಿಗೆ ನಾವು ಜಗತ್ತಿನಲ್ಲೇ ಹೆಚ್ಚು ನಂಬುವ ಜನ. ಎರಡನೆಯದನ್ನಷ್ಟೇ ಓದಿದವರಿಗೆ ಅನುಮಾನದ ಜನ. ಎರಡು ಕಡೆಯೂ ಯಾರೂ ಸುಳ್ಳು ಅಂಕಿ ಬರೆದಿಲ್ಲ.

ವ್ಯತ್ಯಾಸ ಎಲ್ಲಿಂದ ಬಂತು ಎಂದು ನೋಡಿದರೆ ಅಚ್ಚರಿಯೇನೂ ಉಳಿಯುವುದಿಲ್ಲ. ಎಡೆಲ್‌ಮನ್ ಕೇಳುವುದು ಸರ್ಕಾರ, ಉದ್ಯಮ, ಮಾಧ್ಯಮ ಮತ್ತು ಸರ್ಕಾರೇತರ ಸಂಸ್ಥೆಗಳು ಸರಿಯಾದುದನ್ನು ಮಾಡುತ್ತವೆಂಬ ನಂಬಿಕೆ ನಿಮಗಿದೆಯೇ ಎಂದು. ಕೇಳುವುದು ಅಂತರ್ಜಾಲದ ಮೂಲಕ. ಹಾಗಾಗಿ ಭಾರತದಂತಹ ದೇಶದಲ್ಲಿ ಉತ್ತರಿಸುವವರು ದೇಶದ ಸರಾಸರಿಗಿಂತ ಹೆಚ್ಚು ಓದಿದವರು, ಹೆಚ್ಚು ಅನುಕೂಲಸ್ಥರು, ಹೆಚ್ಚು ನಗರವಾಸಿಗಳು. ವಿಶ್ವ ಮೌಲ್ಯ ಸಮೀಕ್ಷೆ ಕೇಳುವುದು ಸಂಸ್ಥೆಗಳ ಬಗ್ಗೆ ಮಾತ್ರವಲ್ಲ, ಹೆಸರಿಲ್ಲದ, ಮುಖವಿಲ್ಲದ 'ಹೆಚ್ಚಿನ ಜನ'ರ ಬಗ್ಗೆ. ಅದೂ ಮನೆಬಾಗಿಲಿಗೆ ಹೋಗಿ, ಎದುರಿಗೆ ಕೂತು. ಪ್ರಶ್ನೆ ಬೇರೆ, ಕೇಳಿಸಿಕೊಂಡವರು ಬೇರೆ, ಕೇಳಿದ ರೀತಿ ಬೇರೆ. ಆದರೂ ಸುದ್ದಿಯಾಗಿ ನಮ್ಮ ಮುಂದೆ ಬರುವಾಗ ಎರಡಕ್ಕೂ ಒಂದೇ ತಲೆಬರಹ: 'ಭಾರತೀಯರ ನಂಬಿಕೆ'. ಸಾಮಾಜಿಕ ಧೋರಣೆಗಳನ್ನು ಅಳೆಯುವ ಸಮೀಕ್ಷೆಗಳ ಅಂಕಿ ಎಂದರೆ ಸಮಾಜದ ಜ್ವರ ನೋಡಿದ ಥರ್ಮಾಮೀಟರಿನ ಗೆರೆಯಲ್ಲ, ಇಬ್ಬರು ಅಪರಿಚಿತರ ನಡುವೆ ನಡೆದ ಒಂದು ಸಂಭಾಷಣೆಯ ದಾಖಲೆ. ಆ ಸಂಭಾಷಣೆ ಯಾವ ಮಾತುಗಳಲ್ಲಿ, ಯಾರ ನಡುವೆ, ಯಾವ ಬಾಗಿಲಲ್ಲಿ ನಡೆಯಿತು ಎಂಬುದನ್ನು ಬಿಟ್ಟು ಅಂಕಿಯನ್ನು ಮಾತ್ರ ಎತ್ತಿಕೊಂಡರೆ ಏನನ್ನು ಅಳೆದಿದ್ದೇವೆ ಎಂಬುದೇ ತಿಳಿಯದೆ ಹೋಗುತ್ತದೆ.

ಮಾತಿನಿಂದಲೇ ಶುರು ಮಾಡೋಣ. ನಂಬಿಕೆಯ ಬಗ್ಗೆ ಜಗತ್ತಿನಲ್ಲಿ ಅತಿ ಹೆಚ್ಚು ಸಲ ಕೇಳಲಾಗಿರುವ ಪ್ರಶ್ನೆಯ ಬೇರು ಯುದ್ಧಾನಂತರದ ಜರ್ಮನಿಯಲ್ಲಿದೆ. 1948ರಲ್ಲಿ ಎಲಿಜಬೆತ್ ನೋಯೆಲ್-ನಾಯ್ಮನ್ ಅದರ ಮೊದಲ ರೂಪವನ್ನು ಬಳಸಿದರೆಂದು ಹೇಳುತ್ತಾರೆ. ಮುಂದೆ ಅಮೆರಿಕದಲ್ಲಿ ಮೋರಿಸ್ ರೋಸೆನ್‌ಬರ್ಗ್ 1956ರಲ್ಲಿ ಇದನ್ನು ತಮ್ಮ ಅಳತೆಪಟ್ಟಿಯೊಳಗೆ ಸೇರಿಸಿಕೊಂಡರು, 1972ರಲ್ಲಿ ಶುರುವಾದ ಅಮೆರಿಕದ ಜನರಲ್ ಸೋಷಿಯಲ್ ಸರ್ವೆ ಅದನ್ನು ಮತ್ತೆ ಮತ್ತೆ ಕೇಳುತ್ತಾ ಬಂದಿತು, ಅಲ್ಲಿಂದ ಜಗತ್ತಿಗೆಲ್ಲ ಹರಡಿತು. ಪ್ರಶ್ನೆಯ ಸಾರ ಇಷ್ಟು: ಸಾಮಾನ್ಯವಾಗಿ ಹೇಳುವುದಾದರೆ, ಹೆಚ್ಚಿನ ಜನರನ್ನು ನಂಬಬಹುದು ಎನ್ನುತ್ತೀರೋ, ಅಥವಾ ಜನರೊಂದಿಗೆ ವ್ಯವಹರಿಸುವಾಗ ಎಷ್ಟು ಎಚ್ಚರವಾಗಿದ್ದರೂ ಸಾಲದು ಎನ್ನುತ್ತೀರೋ? ಉತ್ತರ ಎರಡರಲ್ಲೊಂದು.

ಇದನ್ನು ಕನ್ನಡದಲ್ಲಿ ಒಮ್ಮೆ ಗಟ್ಟಿಯಾಗಿ ಓದಿ ನೋಡಿದರೆ ತೊಡಕು ತಾನಾಗಿ ಕಿವಿಗೆ ಬೀಳುತ್ತದೆ. 'ಎಷ್ಟು ಎಚ್ಚರವಾಗಿದ್ದರೂ ಸಾಲದು' ಎಂಬುದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುವ ಬುದ್ಧಿಮಾತು. ಬಸ್ಸು ಹತ್ತುವ ಮಗನಿಗೂ, ಸೈಟು ಕೊಳ್ಳುವ ಅಳಿಯನಿಗೂ, ಹೊಸ ಊರಿಗೆ ಕೆಲಸಕ್ಕೆ ಹೊರಟ ಮಗಳಿಗೂ ಅದೇ ಮಾತು. ಅದನ್ನು ಒಪ್ಪದವರು ಯಾರು? ಹಾಗೆ ಒಪ್ಪಿದ ವ್ಯಕ್ತಿಯೇ ಸಂಜೆ ಪಕ್ಕದ ಮನೆಯವರಿಗೆ ಪತ್ರವಿಲ್ಲದೆ ಕೈಸಾಲ ಕೊಟ್ಟಿರಬಹುದು, ಬೀದಿಯವರೆಲ್ಲ ಸೇರಿ ನಡೆಸುವ ಚೀಟಿಗೆ ತಿಂಗಳು ತಿಂಗಳು ಹಣ ಕಟ್ಟುತ್ತಿರಬಹುದು. ಎಚ್ಚರ ಮತ್ತು ನಂಬಿಕೆ ಒಂದರ ವಿರುದ್ಧ ಒಂದು ನಿಲ್ಲುವ ಸಂಗತಿಗಳೇ ಅಲ್ಲ. ಅಲನ್ ಮಿಲ್ಲರ್ ಮತ್ತು ಟೊಮೊಕೊ ಮಿತಾಮುರಾ 2003ರಲ್ಲಿ ಇದೇ ಆಕ್ಷೇಪವನ್ನು ಎತ್ತಿದರು: ಈ ಪ್ರಶ್ನೆಯ ಎರಡು ಆಯ್ಕೆಗಳು ಎರಡು ಬೇರೆ ಗುಣಗಳನ್ನು ಕೇಳುತ್ತವೆ, ಒಂದು ನಂಬಿಕೆಯನ್ನು, ಇನ್ನೊಂದು ಜಾಗರೂಕತೆಯನ್ನು.

ನಂಬಿಕೆ ಎಂಬ ಪದಕ್ಕೂ ಇದೇ ಕಷ್ಟ. ಕನ್ನಡದಲ್ಲಿ 'ನಂಬಿಕೆ' ದೇವರ ಮೇಲಿನ ಶ್ರದ್ಧೆಯೂ ಹೌದು, ವ್ಯವಹಾರದ ಪ್ರಾಮಾಣಿಕತೆಯ ಭರವಸೆಯೂ ಹೌದು, ಬೆಕ್ಕು ಅಡ್ಡ ಬಂದರೆ ಕೆಡುಕು ಎಂಬ ತಿಳಿವಳಿಕೆಯೂ ಹೌದು. ಅದನ್ನು ಬಿಟ್ಟು 'ವಿಶ್ವಾಸ' ಎಂದರೆ ಇನ್ನೊಂದು ಬಗೆಯ ಜಾರು: 'ಪ್ರೀತಿ ವಿಶ್ವಾಸ ಇರಲಿ' ಎನ್ನುವಲ್ಲಿ ಅದು ಅಕ್ಕರೆ, ಸ್ನೇಹ. ನಿಮಗೆ ಪೊಲೀಸರ ಮೇಲೆ ವಿಶ್ವಾಸವಿದೆಯೇ ಎಂದು ಮಂಡ್ಯದ ಹಳ್ಳಿಯ ಅಜ್ಜಿಯೊಬ್ಬರನ್ನು ಕೇಳಿದರೆ, ಅವರೇಕಪ್ಪಾ ನನಗೆ ಬೇಕಾದವರಾಗುತ್ತಾರೆ ಎಂಬ ದಿಕ್ಕಿನಲ್ಲಿ ಉತ್ತರ ಬಂದರೂ ಬರಬಹುದು. 'ಭರವಸೆ' ಎಂದರೆ ರಾಜಕಾರಣಿ ಕೊಡುವಂಥದ್ದು ಎಂಬ ಅರ್ಥವೇ ಈಗ ಮುಂದಾಗಿದೆ. ಪ್ರಶ್ನಾವಳಿಯ ಅನುವಾದಕರು ಇವುಗಳಲ್ಲಿ ಒಂದನ್ನು ಆರಿಸಲೇಬೇಕು, ಆರಿಸಿದ ಪದ ಉತ್ತರವನ್ನು ತನ್ನ ಕಡೆಗೆ ಎಳೆಯಲೇಬೇಕು. ಒಂದು ಭಾಷೆಯಿಂದ ಅನುವಾದಿಸಿದ್ದನ್ನು ಬೇರೊಬ್ಬರಿಂದ ಮೂಲಭಾಷೆಗೆ ಮರಳಿ ಅನುವಾದಿಸಿ ತಾಳೆ ನೋಡುವ ಕ್ರಮ ದೊಡ್ಡ ಸಮೀಕ್ಷೆಗಳಲ್ಲಿ ಇದೆ. ಆದರೆ ಆ ತಾಳೆ ನಿಘಂಟಿನ ಅರ್ಥವನ್ನು ಹಿಡಿಯುತ್ತದೆಯೇ ಹೊರತು ಪದದ ಸುತ್ತ ಜನ ಕಟ್ಟಿಕೊಂಡಿರುವ ಬಳಕೆಯನ್ನಲ್ಲ.

ಇನ್ನು 'ಹೆಚ್ಚಿನ ಜನ' ಯಾರು? ಡೆನ್ಮಾರ್ಕಿನವರು ಈ ಮಾತು ಕೇಳಿದಾಗ ರೈಲಿನಲ್ಲಿ ಎದುರು ಕೂತ ಅಪರಿಚಿತರನ್ನು ನೆನೆದರೆ, ಇನ್ನೊಂದು ದೇಶದವರು ತಮ್ಮ ಬೀದಿಯ, ತಮ್ಮ ಬಳಗದ ಹೆಚ್ಚಿನ ಜನರನ್ನು ನೆನೆಯಬಹುದು. ಕನ್ನಡದಲ್ಲಂತೂ 'ಜನ' ಎಂಬ ಪದ 'ನಮ್ಮ ಜನ' ಎಂಬುದರ ಕಡೆಗೇ ವಾಲುತ್ತದೆ. ಈ ಅನುಮಾನವನ್ನು ಪರೀಕ್ಷಿಸಲೆಂದೇ ವಿಶ್ವ ಮೌಲ್ಯ ಸಮೀಕ್ಷೆ 2005ರ ನಂತರದ ಸುತ್ತುಗಳಲ್ಲಿ ಆರು ಗುಂಪುಗಳನ್ನು ಬಿಡಿಬಿಡಿಯಾಗಿ ಕೇಳತೊಡಗಿತು: ಕುಟುಂಬ, ನೆರೆಹೊರೆ, ಸ್ವತಃ ಪರಿಚಯವಿರುವವರು, ಮೊದಲ ಸಲ ಭೇಟಿಯಾಗುವವರು, ಬೇರೆ ಧರ್ಮದವರು, ಬೇರೆ ದೇಶದವರು. ಯಾನ್ ಡೆಲ್‌ಹೇ, ಕೆನೆತ್ ನ್ಯೂಟನ್ ಮತ್ತು ಕ್ರಿಸ್ಟಿಯನ್ ವೆಲ್ಜೆಲ್ ಅವರು 51 ದೇಶಗಳ ದತ್ತಾಂಶವನ್ನು ಹೀಗೆ ಬಿಡಿಸಿ 2011ರಲ್ಲಿ ತೋರಿಸಿದ್ದೇನೆಂದರೆ, 'ಹೆಚ್ಚಿನ ಜನ' ಎಂಬ ವರ್ತುಲ ಶ್ರೀಮಂತ ದೇಶಗಳಲ್ಲಿ ದೊಡ್ಡದು, ಚೀನಾದಂತಹ ಕನ್‌ಫ್ಯೂಷಿಯನ್ ಹಿನ್ನೆಲೆಯ ದೇಶಗಳಲ್ಲಿ ಚಿಕ್ಕದು. ಚೀನಾದಲ್ಲಿ ಬಹಳ ಮಂದಿ 'ನಂಬಬಹುದು' ಎಂದರೂ ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಹತ್ತಿರದವರನ್ನು. ವರ್ತುಲದ ಅಳತೆಯನ್ನು ಸೇರಿಸಿ ಲೆಕ್ಕ ಹಾಕಿದಾಗ ದೇಶಗಳ ಕ್ರಮಾಂಕವೇ ಬದಲಾಯಿತು. ಭಾರತದ ಓದುಗರಿಗೆ ಈ ಆರರ ಪಟ್ಟಿಯಲ್ಲಿ ಕೂಡಲೇ ಕಾಣುವ ಕೊರತೆ ಒಂದಿದೆ. ನಮ್ಮಲ್ಲಿ ವರ್ತುಲದ ಗೆರೆ ಎಳೆಯುವುದು ಬಹುಮಟ್ಟಿಗೆ ಜಾತಿ. ಜಗತ್ತಿಗೆಲ್ಲ ಒಂದೇ ಪ್ರಶ್ನಾವಳಿ ಬೇಕೆಂಬ ಕಾರಣಕ್ಕೆ ಆ ಪಟ್ಟಿಯಲ್ಲಿ ಜಾತಿಯೇ ಇಲ್ಲ.

ಹಾಗಾದರೆ ಆ ಹಳೆಯ ಪ್ರಶ್ನೆ ನಿಷ್ಪ್ರಯೋಜಕವೇ? ಅಷ್ಟು ದೂರ ಹೋಗಬೇಕಾಗಿಲ್ಲ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಲೇನ್ ಕೋನ್ ಮತ್ತು ಸಂಗಡಿಗರು 40 ದೇಶಗಳ 355 ನಗರಗಳಲ್ಲಿ 17,000ಕ್ಕೂ ಹೆಚ್ಚು ಪರ್ಸುಗಳನ್ನು ಬ್ಯಾಂಕು, ಅಂಚೆ ಕಚೇರಿ, ಹೋಟೆಲುಗಳ ಕೌಂಟರಿನಲ್ಲಿ 'ಯಾರೋ ಕಳೆದುಕೊಂಡಿದ್ದಾರೆ' ಎಂದು ಕೊಟ್ಟು ಎಷ್ಟು ಮಂದಿ ವಾರಸುದಾರರನ್ನು ಸಂಪರ್ಕಿಸುತ್ತಾರೆಂದು ಕಾದು ನೋಡಿದರು, ಭಾರತವೂ ಅದರಲ್ಲಿತ್ತು. ಒಟ್ಟಾರೆ, ಸಮೀಕ್ಷೆಯಲ್ಲಿ ನಂಬಿಕೆ ಹೆಚ್ಚು ಎಂದ ದೇಶಗಳಲ್ಲಿ ಪರ್ಸು ಮರಳುವುದೂ ಹೆಚ್ಚಿತ್ತು. ಅಂದರೆ ದೇಶ ದೇಶಗಳ ಮಟ್ಟದಲ್ಲಿ ಆ ಉತ್ತರಕ್ಕೆ ಏನೋ ಅರ್ಥವಿದೆ. ಒಬ್ಬ ವ್ಯಕ್ತಿಯ ಮಟ್ಟಕ್ಕೆ ಇಳಿದರೆ ಮಾತ್ರ ಅದು ತಡವರಿಸುತ್ತದೆ. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಡ್ವರ್ಡ್ ಗ್ಲೇಸರ್ ಮತ್ತಿತರರು ಹಾರ್ವರ್ಡ್ ವಿದ್ಯಾರ್ಥಿಗಳಿಗೆ ಮೊದಲು ಈ ಪ್ರಶ್ನೆ ಕೇಳಿ, ಆಮೇಲೆ ನಿಜವಾದ ಹಣವಿಟ್ಟು ಆಟವಾಡಿಸಿದಾಗ, 'ಜನರನ್ನು ನಂಬಬಹುದು' ಎಂದವರು ಆಟದಲ್ಲಿ ಬೇರೆಯವರನ್ನು ಹೆಚ್ಚು ನಂಬಲಿಲ್ಲ. ಬದಲಿಗೆ ತಾವೇ ಹೆಚ್ಚು ನಂಬಿಕಸ್ಥರಾಗಿ ನಡೆದುಕೊಂಡರು. ನಮ್ಮನ್ನು ನೋಡಿಕೊಂಡೇ ಲೋಕದ ಬಗ್ಗೆ ಹೇಳುತ್ತೇವೆ ಎಂಬ ಈ ಫಲಿತಾಂಶ ನನಗೆ ಬಹಳ ಇಷ್ಟವಾದದ್ದು, ಆದರೆ ಅದು ಒಂದು ವಿಶ್ವವಿದ್ಯಾಲಯದ ಹುಡುಗ ಹುಡುಗಿಯರ ಮೇಲೆ ನಡೆದ ಪ್ರಯೋಗ ಎಂಬುದನ್ನು ಮರೆಯಬಾರದು.

ಒಂದು ಪದ ಇಡೀ ದೇಶದ ಮುಖಕ್ಕೆ ಮಸಿ ಬಳಿಯಬಲ್ಲದು ಎಂಬುದಕ್ಕೆ 2013ರ ಪ್ರಸಂಗವೊಂದಿದೆ. ವಿಶ್ವ ಮೌಲ್ಯ ಸಮೀಕ್ಷೆಯ 'ಬೇರೆ ರೇಸ್‌ನವರು ನೆರೆಯವರಾಗುವುದು ನಿಮಗೆ ಬೇಡವೇ' ಎಂಬ ಪ್ರಶ್ನೆಯ ಉತ್ತರಗಳನ್ನಿಟ್ಟುಕೊಂಡು ಆ ವರ್ಷದ ಮೇ ತಿಂಗಳಲ್ಲಿ ವಾಷಿಂಗ್ಟನ್ ಪೋಸ್ಟ್ ಒಂದು ಬಣ್ಣದ ಭೂಪಟ ಪ್ರಕಟಿಸಿತು. ಅದರಲ್ಲಿ ಶೇ 43.5ರೊಂದಿಗೆ ಭಾರತ ಜಗತ್ತಿನ ಅತಿ ಅಸಹಿಷ್ಣು ದೇಶಗಳ ಸಾಲಿನಲ್ಲಿತ್ತು. ಹಾಂಗ್‌ಕಾಂಗ್ ಮತ್ತು ಬಾಂಗ್ಲಾದೇಶ ಶೇ 71ನ್ನೂ ದಾಟಿದ್ದವು. ಭೂಪಟ ಜಗತ್ತೆಲ್ಲ ಹರಿದಾಡಿದ ಮೇಲೆ ದತ್ತಾಂಶವನ್ನು ತೆರೆದು ನೋಡಿದವರಿಗೆ ಹಾಂಗ್‌ಕಾಂಗ್‌ನ ಅಂಕಿಯಲ್ಲಿ 'ಹೌದು' 'ಇಲ್ಲ' ಅದಲುಬದಲಾಗಿರುವುದು ಕಂಡಿತು, ಸರಿಪಡಿಸಿದಾಗ ಅದು ಶೇ 27ರ ಆಸುಪಾಸಿಗೆ ಇಳಿಯಿತು. ಬಾಂಗ್ಲಾದೇಶದ ಅಂಕಿಯ ಮೇಲೂ ಇದೇ ಸಂಶಯ ಬಂದಿತು. ಇದು ಗುಮಾಸ್ತಿಕೆಯ ತಪ್ಪು, ಯಾವ ಕಚೇರಿಯಲ್ಲಾದರೂ ಆಗಬಹುದಾದದ್ದು. ನಮಗೆ ಹೆಚ್ಚು ಮುಖ್ಯವಾದದ್ದು ತಪ್ಪೇ ಇಲ್ಲದೆ ಉಳಿದ ಭಾರತದ ಅಂಕಿ. 'ರೇಸ್' ಎಂಬುದನ್ನು ಕನ್ನಡಕ್ಕೆ ತರಬೇಕೆಂದರೆ ನಿಘಂಟು ಕೊಡುವ ಪದ 'ಜನಾಂಗ'. ನಮ್ಮ ಹಳ್ಳಿಗಳಲ್ಲಿ, ಸಂಘಗಳ ಬೋರ್ಡುಗಳಲ್ಲಿ, ಮದುವೆಯ ಮಾತುಕತೆಗಳಲ್ಲಿ 'ಜನಾಂಗ' ಎಂದರೆ ಜಾತಿ. 'ನೀವು ಯಾವ ಜನಾಂಗ?' ಎನ್ನುವುದು 'ನೀವು ಯಾವ ಜಾತಿ?' ಎನ್ನುವುದರ ಸ್ವಲ್ಪ ಮರ್ಯಾದೆಯ ರೂಪ. ಅಮೆರಿಕದ ಓದುಗರು ಆ ಬಣ್ಣವನ್ನು ಮೈಬಣ್ಣದ ದ್ವೇಷವೆಂದು ಓದಿಕೊಂಡರು. ಇಂತಹ ಪದದ ಮೂಲಕ ಪ್ರಶ್ನೆ ಕೇಳಿಸಿಕೊಂಡವರು ಉತ್ತರಿಸಿದ್ದು ಬೇರೆಯದಕ್ಕೇ ಆಗಿರಬಹುದು, ಅದು ಕಡಿಮೆ ಗಂಭೀರವೇನಲ್ಲ, ಆದರೆ ಬೇರೆಯದು.

ಜಾತಿಯ ವಿಷಯ ಬಂದಾಗ ಇನ್ನೊಂದು ತೊಡಕು ಎದುರಾಗುತ್ತದೆ: ಪ್ರಶ್ನೆ ಸರಿಯಾಗಿ ಅರ್ಥವಾದಷ್ಟೂ ನಿಜ ಹೇಳುವುದು ಕಷ್ಟವಾಗುವ ಸಂದರ್ಭ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ, 1955ರ ಕಾಯ್ದೆ ಅದನ್ನು ಶಿಕ್ಷಾರ್ಹವಾಗಿಸಿದೆ. ಅಂಥದ್ದರಲ್ಲಿ ನೋಟ್‌ಬುಕ್ಕು ಹಿಡಿದು ಬಂದ ಅಪರಿಚಿತರ ಮುಂದೆ 'ಹೌದು, ನಮ್ಮ ಮನೆಯಲ್ಲಿ ಆಚರಿಸುತ್ತೇವೆ' ಎಂದು ಯಾರಾದರೂ ಏಕೆ ಒಪ್ಪಿಕೊಳ್ಳುತ್ತಾರೆ? ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಸೇರಿ 2011–12ರಲ್ಲಿ 42,152 ಕುಟುಂಬಗಳಲ್ಲಿ ನಡೆಸಿದ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ ಈ ಪ್ರಶ್ನೆಯನ್ನು ಎರಡು ಮೆಟ್ಟಿಲಲ್ಲಿ ಕೇಳಿತು. ಮೊದಲು, ಮನೆಯಲ್ಲಿ ಯಾರಾದರೂ ಅಸ್ಪೃಶ್ಯತೆ ಆಚರಿಸುತ್ತಾರೆಯೇ ಎಂದು ನೇರವಾಗಿ. ಇಲ್ಲ ಎಂದವರಿಗೆ ಮುಂದಿನದು: ಪರಿಶಿಷ್ಟ ಜಾತಿಯವರೊಬ್ಬರು ನಿಮ್ಮ ಅಡುಗೆಮನೆಗೆ ಬಂದರೆ, ನಿಮ್ಮ ಪಾತ್ರೆ ಬಳಸಿದರೆ ಪರವಾಗಿಲ್ಲವೇ? ಎರಡೂ ಮೆಟ್ಟಿಲು ಸೇರಿ ಆಚರಣೆಯನ್ನು ಒಪ್ಪಿಕೊಂಡ ಕುಟುಂಬಗಳು ಶೇ 27. ಮಧ್ಯಪ್ರದೇಶದಲ್ಲಿ ಅದು ಅರ್ಧವನ್ನು ದಾಟಿತ್ತು. ಕೇರಳ, ಪಶ್ಚಿಮ ಬಂಗಾಳಗಳಲ್ಲಿ ಒಂದೆರಡರಷ್ಟೇ ಇತ್ತು. ಬ್ರಾಹ್ಮಣ ಕುಟುಂಬಗಳಲ್ಲಿ ಶೇ 52.

ಈ ಎರಡನೆಯ ಮೆಟ್ಟಿಲನ್ನು ಯೋಚಿಸಿದವರು ಊರನ್ನು ಬಲ್ಲವರು. ಅಸ್ಪೃಶ್ಯತೆ ಎಂಬುದು ಪಠ್ಯಪುಸ್ತಕದ, ಭಾಷಣದ, ಕಾನೂನಿನ ಪದ. ಅದನ್ನು ಮಾಡುವವರು ತಾವು ಮಾಡುವುದಕ್ಕೆ ಆ ಹೆಸರು ಇಟ್ಟುಕೊಂಡಿಲ್ಲ. ಅವರ ಮಾತಿನಲ್ಲಿ ಅದು ಮಡಿ, ಅದು ಪದ್ಧತಿ, ಅದು 'ಹಿಂದಿನಿಂದ ಬಂದದ್ದು'. ಬಂದವರನ್ನು ಜಗಲಿಯಲ್ಲೇ ಕೂರಿಸುವುದು, ನಡುಮನೆಯವರೆಗೆ ಕರೆಯುವುದು, ಅಡುಗೆಮನೆಯ ಹೊಸ್ತಿಲಲ್ಲಿ ತಡೆಯುವುದು, ಚಹಾಕ್ಕೆ ಬೇರೆ ಲೋಟ ಇಡುವುದು, ಇವೆಲ್ಲ ಯಾವ ಪ್ರಕಟಣೆಯೂ ಇಲ್ಲದೆ ನಡೆದುಹೋಗುತ್ತವೆ. ಆದ್ದರಿಂದ ಹೆಸರು ಹೇಳಿ ಕೇಳಿದರೆ 'ಇಲ್ಲ' ಎಂದವರು ಹೊಸ್ತಿಲು ತೋರಿಸಿ ಕೇಳಿದರೆ ತಡವರಿಸುತ್ತಾರೆ. ರಾಂಪುರ ಎಂದು ಕರೆದ ಹಳ್ಳಿಯಲ್ಲಿ 1948ರಲ್ಲಿ ತಳವೂರಿ ಕೂತು ಅಧ್ಯಯನ ಮಾಡಿದ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಗ್ರಂಥದಲ್ಲಿ ಕಾಣುವ ಜಾತಿ ಬೇರೆ, ಕ್ಷೇತ್ರದಲ್ಲಿ ಕಾಣುವ ಜಾತಿ ಬೇರೆ ಎಂದು ಬದುಕಿನುದ್ದಕ್ಕೂ ವಾದಿಸಿದರು. ಅಡುಗೆಮನೆಯ ಆ ಒಂದು ಪ್ರಶ್ನೆಯಲ್ಲಿ ಕ್ಷೇತ್ರಾಧ್ಯಯನದ ತಿಳಿವಳಿಕೆ ಸಮೀಕ್ಷೆಯೊಳಗೆ ಬಂದು ಸೇರಿದೆ. ಎಣಿಕೆಯವರು ಬೇರೆ, ಊರಲ್ಲಿ ಉಳಿದು ನೋಡುವವರು ಬೇರೆ ಎಂದು ವಿಶ್ವವಿದ್ಯಾಲಯಗಳಲ್ಲಿ ಎಳೆದುಕೊಂಡಿರುವ ಗೆರೆ ಎಷ್ಟು ಅನಾವಶ್ಯಕ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ಆದರೆ ಶೇ 27 ಎಂಬುದು ನೆಲವೋ, ಮಾಳಿಗೆಯೋ? ಕೆಲವೇ ವರ್ಷಗಳ ನಂತರ ಡಯಾನ್ ಕಾಫೀ, ಅಮಿತ್ ಥೋರಟ್ ಮತ್ತು ಸಂಗಡಿಗರು 'ಸೋಷಿಯಲ್ ಆಟಿಟ್ಯೂಡ್ಸ್ ರಿಸರ್ಚ್, ಇಂಡಿಯಾ' ಎಂಬ ಫೋನ್ ಸಮೀಕ್ಷೆ ನಡೆಸಿದರು. ಮೊಬೈಲ್ ಸಂಖ್ಯೆಗಳ ಕೊನೆಯ ಅಂಕಿಗಳನ್ನು ಯಾದೃಚ್ಛಿಕವಾಗಿ ಜೋಡಿಸಿ ಕರೆ ಮಾಡುವುದು, ಹೆಂಗಸರೊಂದಿಗೆ ಹೆಂಗಸರೇ, ಗಂಡಸರೊಂದಿಗೆ ಗಂಡಸರೇ ಮಾತಾಡುವುದು, ಮೊದಲು ನೀವು ಆಚರಿಸುತ್ತೀರಾ ಎಂದು ಕೇಳಿ, ಇಲ್ಲವೆಂದರೆ ಮನೆಯಲ್ಲಿ ಇನ್ಯಾರಾದರೂ ಎಂದು ಕೇಳುವುದು ಅವರ ಕ್ರಮ. ಗ್ರಾಮೀಣ ರಾಜಸ್ಥಾನ ಮತ್ತು ಗ್ರಾಮೀಣ ಉತ್ತರ ಪ್ರದೇಶದಲ್ಲಿ, ದಲಿತರಲ್ಲದ ಹಿಂದೂಗಳ ನಡುವೆ, ಮೂರರಲ್ಲಿ ಎರಡು ಪಾಲಿನಷ್ಟು ಮಂದಿ ತಾವು ಅಥವಾ ತಮ್ಮ ಮನೆಯ ಯಾರಾದರೂ ಆಚರಿಸುತ್ತಾರೆಂದು ಒಪ್ಪಿದರು. ಇದನ್ನು ಹಿಂದಿನ ಸಮೀಕ್ಷೆಯ ಶೇ 27ರ ಪಕ್ಕದಲ್ಲಿಟ್ಟು 'ಅಸ್ಪೃಶ್ಯತೆ ಹೆಚ್ಚಿತು' ಎಂದು ಹೇಳುವಂತಿಲ್ಲ. ಒಂದು ಇಡೀ ದೇಶದ, ಎಲ್ಲ ಧರ್ಮ ಜಾತಿಗಳ ಕುಟುಂಬಗಳ ಅಂಕಿ; ಇನ್ನೊಂದು ಎರಡು ರಾಜ್ಯಗಳ ಹಳ್ಳಿಗಳ, ಅದರಲ್ಲೂ ಆಚರಿಸುವ ಸ್ಥಾನದಲ್ಲಿರುವವರ ಅಂಕಿ. ಅಲ್ಲದೆ ಮನೆಯ ಯಜಮಾನನೊಬ್ಬ ಎದುರು ಕೂತವರಿಗೆ ಕೊಡುವ ಉತ್ತರಕ್ಕೂ, ಅಡುಗೆಮನೆಯ ಉಸ್ತುವಾರಿ ನೋಡುವ ಸೊಸೆ ಮುಖ ಕಾಣದ ಇನ್ನೊಬ್ಬ ಹೆಂಗಸಿಗೆ ಫೋನಿನಲ್ಲಿ ಕೊಡುವ ಉತ್ತರಕ್ಕೂ ಅಂತರ ಇದ್ದೇ ಇರುತ್ತದೆ. ಕಾನೂನು ನಿಷೇಧಿಸಿದ್ದನ್ನು ಕೇಳಿದಾಗ ಬರುವ ಯಾವ ಅಂಕಿಯನ್ನಾದರೂ ಕನಿಷ್ಠವೆಂದು ಓದಿಕೊಳ್ಳುವುದೇ ಸರಿ.

ಪ್ಯೂ ಸಂಶೋಧನಾ ಕೇಂದ್ರ 2019ರ ನವೆಂಬರ್‌ನಿಂದ 2020ರ ಮಾರ್ಚ್‌ವರೆಗೆ ಕನ್ನಡವೂ ಸೇರಿ 17 ಭಾಷೆಗಳಲ್ಲಿ 29,999 ವಯಸ್ಕರನ್ನು ಮಾತಾಡಿಸಿ ಕೊಟ್ಟ ಚಿತ್ರ ಇದೇ ಸಂಗತಿಯ ಇನ್ನೊಂದು ಮಗ್ಗುಲು. ನಿಜವಾದ ಭಾರತೀಯರಾಗಲು ಎಲ್ಲ ಧರ್ಮಗಳನ್ನು ಗೌರವಿಸುವುದು ಬಹಳ ಮುಖ್ಯ ಎಂದವರು ಶೇ 84. ಮುಸ್ಲಿಮರು ನೆರೆಯವರಾಗುವುದನ್ನು ಒಪ್ಪುವುದಿಲ್ಲ ಎಂದ ಹಿಂದೂಗಳು ಶೇ 36. ಪರಿಶಿಷ್ಟ ಜಾತಿಗೆ ಸೇರದವರಲ್ಲಿ ಶೇ 72ರಷ್ಟು ಮಂದಿ ದಲಿತರು ನೆರೆಯವರಾದರೆ ಒಪ್ಪಿಗೆ ಎಂದರು. ಅದೇ ಸಮೀಕ್ಷೆಯಲ್ಲಿ ತಮ್ಮ ಸಮುದಾಯದ ಹೆಣ್ಣುಮಕ್ಕಳು ಜಾತಿಯ ಹೊರಗೆ ಮದುವೆಯಾಗುವುದನ್ನು ತಡೆಯುವುದು ಬಹಳ ಮುಖ್ಯ ಎಂದವರು ಶೇ 64. ಇದನ್ನು ಇಬ್ಬಂದಿತನ ಎಂದು ತಳ್ಳಿಹಾಕುವುದು ಸುಲಭ. ಗೌರವ, ನೆರೆ, ಊಟ, ಮದುವೆ ಎಂಬ ಈ ಮೆಟ್ಟಿಲುಗಳಲ್ಲಿ ಎಲ್ಲಿ ಹೆಜ್ಜೆ ನಿಲ್ಲುತ್ತದೆ ಎಂಬುದೇ ನಮ್ಮ ಸಮಾಜದ ನಿಜವಾದ ರಚನೆ, ಒಂದೇ ಒಂದು 'ಸಹಿಷ್ಣುತೆಯ ಸೂಚ್ಯಂಕ' ಅದನ್ನು ಎಂದಿಗೂ ತೋರಿಸಲಾರದು.

ಮುಜುಗರದ ಉತ್ತರಗಳನ್ನು ಹೊರತರಲು ಸಂಖ್ಯಾಶಾಸ್ತ್ರಜ್ಞರು ಕೆಲವು ಜಾಣ ಉಪಾಯಗಳನ್ನು ಕಟ್ಟಿದ್ದಾರೆ. 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ತೋರಿಸಿದ ದಾರಿಯ ಸರಳ ರೂಪ ಹೀಗಿದೆ: ಉತ್ತರಿಸುವವರು ಯಾರಿಗೂ ಕಾಣದಂತೆ ನಾಣ್ಯ ಚಿಮ್ಮುತ್ತಾರೆ, ತಲೆ ಬಿದ್ದರೆ ನಿಜ ಏನೇ ಇರಲಿ 'ಹೌದು' ಎನ್ನಬೇಕು, ಬಾಲ ಬಿದ್ದರೆ ನಿಜ ಹೇಳಬೇಕು. 1,000 ಜನರಲ್ಲಿ 650 ಮಂದಿ 'ಹೌದು' ಎಂದರೆ, ಅದರಲ್ಲಿ ಸುಮಾರು 500 ನಾಣ್ಯದ ಹೌದುಗಳು. ಉಳಿದ 500 ಮಂದಿಯಲ್ಲಿ 150 ನಿಜವಾದ ಹೌದುಗಳು, ಅಂದರೆ ಶೇ 30. ಯಾವ ಒಬ್ಬರ ಉತ್ತರದಿಂದಲೂ ಅವರ ಗುಟ್ಟು ತಿಳಿಯುವುದಿಲ್ಲ, ಒಟ್ಟು ಲೆಕ್ಕ ಮಾತ್ರ ಸಿಗುತ್ತದೆ. ಪಟ್ಟಿಯ ಪ್ರಯೋಗ ಎಂಬ ಇನ್ನೊಂದು ಕ್ರಮದಲ್ಲಿ ಅರ್ಧ ಜನರಿಗೆ ನಾಲ್ಕು ಹೇಳಿಕೆಗಳನ್ನೂ ಉಳಿದರ್ಧಕ್ಕೆ ಮುಜುಗರದ ಒಂದನ್ನು ಸೇರಿಸಿ ಐದನ್ನೂ ಓದಿ, ಎಷ್ಟನ್ನು ಒಪ್ಪುತ್ತೀರೆಂಬ ಸಂಖ್ಯೆಯನ್ನಷ್ಟೇ ಕೇಳುತ್ತಾರೆ. ಎರಡು ಗುಂಪುಗಳ ಸರಾಸರಿ 2.1 ಮತ್ತು 2.4 ಬಂದರೆ ವ್ಯತ್ಯಾಸವಾದ 0.3 ಆ ಮುಜುಗರದ ಹೇಳಿಕೆಯ ಪಾಲು. ಕಾಗದದ ಮೇಲೆ ಇವು ಬಹಳ ಅಂದ. ಆದರೆ ಮನೆಗೆ ಬಂದ ಅಪರಿಚಿತರು ನಾಣ್ಯ ಕೊಟ್ಟು ಚಿಮ್ಮಿರಿ ಎಂದರೆ ಇದ್ದ ಅನುಮಾನ ಇಮ್ಮಡಿಯಾಗುವುದೂ ಉಂಟು. ತಾವು ಮಾಡದ್ದಕ್ಕೆ 'ಹೌದು' ಎನ್ನಲು ಎಷ್ಟೋ ಮಂದಿ, ನಾಣ್ಯ ಏನೇ ಹೇಳಲಿ, ಸಿದ್ಧರಿರುವುದಿಲ್ಲ.

ಇಷ್ಟೆಲ್ಲ ಮಾತು ಬಾಗಿಲು ತೆರೆದ ಮೇಲಿನದು. ತೆರೆಯದೇ ಹೋದರೆ? ಕರ್ನಾಟಕದಲ್ಲಿ 2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಈ ಪ್ರಶ್ನೆ ಬೀದಿ ಬೀದಿಯಲ್ಲಿ ಕೇಳಿಬಂತು. ಅದು ಧೋರಣೆಯ ಸಮೀಕ್ಷೆಯಲ್ಲ, ಮನೆಮನೆಯ ಎಣಿಕೆ. 60 ಪ್ರಶ್ನೆಗಳನ್ನು ಹಿಡಿದು ಹೊರಟವರು ಹೆಚ್ಚಾಗಿ ಶಾಲಾ ಶಿಕ್ಷಕರು. ಮೂರು ದಿನಗಳಲ್ಲಿ ಹೈಕೋರ್ಟ್ ತಡೆ ಕೊಡದೆ, ಆದರೆ ಭಾಗವಹಿಸುವುದು ಸ್ವಯಂಪ್ರೇರಿತವಾಗಿರಬೇಕು, ಮಾಹಿತಿ ಗೋಪ್ಯವಾಗಿರಬೇಕು ಎಂದು ಮಧ್ಯಂತರ ಆದೇಶ ನೀಡಿತು. ಉತ್ತರಿಸದಿರಲು ಜನ ಕೊಟ್ಟ ಕಾರಣಗಳಲ್ಲಿ ರಾಜಕೀಯವಿತ್ತು, ಜಾತಿಯ ಲೆಕ್ಕಾಚಾರವಿತ್ತು, ಸಮಯವಿಲ್ಲ ಎಂಬುದೂ ಇತ್ತು. ಎಲ್ಲದರ ಅಡಿಯಲ್ಲಿ ಇದ್ದದ್ದು ಕೊಟ್ಟ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂಬ ಅಳುಕು. ಎಣಿಕೆಗಾದರೆ ಅಂಥವರು ಬಿಟ್ಟುಹೋದ ಮನೆಗಳಾಗಿ ಲೆಕ್ಕಕ್ಕೆ ಸಿಗುತ್ತಾರೆ. ನಂಬಿಕೆಯ ಸಮೀಕ್ಷೆಗೆ ಇದು ಬುಡಕ್ಕೇ ಬೀಳುವ ಪೆಟ್ಟು, ಏಕೆಂದರೆ ಅಲ್ಲಿ ಅಳೆಯಬೇಕಾದ ವಸ್ತು ಮತ್ತು ಬಾಗಿಲು ತೆರೆಸುವ ವಸ್ತು ಒಂದೇ. ಅಪರಿಚಿತರನ್ನು ನಂಬದವರು ಅಪರಿಚಿತರ ಪ್ರಶ್ನೆಗೆ ಉತ್ತರಿಸುವುದೂ ಕಡಿಮೆ; ಉತ್ತರಿಸಿದವರಷ್ಟೇ ಲೆಕ್ಕಕ್ಕೆ ಬಂದಾಗ ಸಮಾಜ ಇದ್ದದ್ದಕ್ಕಿಂತ ಹೆಚ್ಚು ನಂಬುವಂತೆ ಕಾಣುತ್ತದೆ.

ಅಮೆರಿಕದಲ್ಲಿ ಇದು ಬರೀ ಊಹೆಯಾಗಿ ಉಳಿದಿಲ್ಲ. ಪ್ಯೂ ಕೇಂದ್ರದ ಫೋನ್ ಸಮೀಕ್ಷೆಗಳಿಗೆ 1997ರಲ್ಲಿ ಶೇ 36ರಷ್ಟು ಪ್ರತಿಕ್ರಿಯೆ ಸಿಗುತ್ತಿತ್ತು, 2018ರ ಹೊತ್ತಿಗೆ ಅದು ಶೇ 6ಕ್ಕೆ ಇಳಿಯಿತು. 2020ರ ಅಧ್ಯಕ್ಷೀಯ ಚುನಾವಣೆಯ ಸಮೀಕ್ಷೆಗಳು 40 ವರ್ಷಗಳಲ್ಲೇ ಅತಿ ಹೆಚ್ಚು ತಪ್ಪಿದಾಗ, ಸಂಸ್ಥೆಗಳ ಮೇಲೆ ನಂಬಿಕೆ ಕಳೆದುಕೊಂಡ ಮತದಾರರು ಸಮೀಕ್ಷಕರ ಕರೆಯನ್ನೂ ಕತ್ತರಿಸಿದರೆಂಬ ವಿವರಣೆ ಮುಂದೆ ಬಂತು. ವಯಸ್ಸು, ಓದು, ಊರು ಇವುಗಳ ಪ್ರಕಾರ ಉತ್ತರಗಳಿಗೆ ತೂಕ ಕೊಟ್ಟು ಸರಿದೂಗಿಸಬಹುದು. ನಂಬಿಕೆಯ ಪ್ರಕಾರ ತೂಕ ಕೊಡೋಣವೆಂದರೆ ನಿಜವಾದ ಪ್ರಮಾಣ ಯಾವ ಜನಗಣತಿಯಲ್ಲೂ ಬರೆದಿರುವುದಿಲ್ಲ. ಭಾರತದಲ್ಲಿ ಎದುರು ಕೂತು ಮಾಡುವ ಸಮೀಕ್ಷೆಗಳಿಗೆ ಹಳ್ಳಿಗಳಲ್ಲಿ ಇನ್ನೂ ಒಳ್ಳೆಯ ಸ್ವಾಗತವಿದೆ, ನೀರು ಕೊಟ್ಟು ಕೂರಿಸಿ ಮಾತಾಡುವವರು ಇದ್ದಾರೆ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಮಾತ್ರ ಸೆಕ್ಯುರಿಟಿಯವರೇ ಇಡೀ ಸಮುಚ್ಚಯದ ಪರವಾಗಿ ಉತ್ತರ ಕೊಟ್ಟು ಕಳಿಸುತ್ತಾರೆ. ಲೋಕನೀತಿಯಂತಹ ಸಮೀಕ್ಷಾ ಸಂಸ್ಥೆಗಳು ಮತದಾರರ ಪಟ್ಟಿಯಿಂದ ಹೆಸರು ಆರಿಸಿ ಆ ವ್ಯಕ್ತಿಯನ್ನೇ ಹುಡುಕಿಕೊಂಡು ಹೋಗುವುದು ಸಿಕ್ಕಿದವರನ್ನು ಕೇಳುವ ಚಪಲವನ್ನು ತಡೆಯಲೆಂದೇ. 1,000 ಜನರ ಮಾದರಿಗೆ ಶೇ 3ರಷ್ಟು ಆಚೀಚೆ ಎಂದು ಪತ್ರಿಕೆಗಳಲ್ಲಿ ಅಚ್ಚಾಗುವ ಅಂಚಿನೊಳಗೆ ಈ ಯಾವ ಕಷ್ಟವೂ ಸೇರಿಲ್ಲ. ಅದು ಚೀಟಿ ಎತ್ತುವಾಗಿನ ಅದೃಷ್ಟದ ಲೆಕ್ಕ ಮಾತ್ರ.

ಹಾಗೆಂದು ಇವನ್ನೆಲ್ಲ ಬದಿಗಿಟ್ಟು ಅನಿಸಿಕೆಯ ಮೇಲೆ ಮಾತಾಡುವುದು ಇನ್ನೂ ಅಪಾಯ. ಸಮೀಕ್ಷೆಯ ಅಂಕಿಯಲ್ಲಿ ಮಟ್ಟಕ್ಕಿಂತ ಅಂತರ ಹೆಚ್ಚು ನಂಬಲರ್ಹ. ಶೇ 34 ಎಂಬುದೊಂದೇ ಏನನ್ನೂ ಹೇಳದಿರಬಹುದು. ಆದರೆ ಅಮೆರಿಕದ ಜನರಲ್ ಸೋಷಿಯಲ್ ಸರ್ವೆಯಲ್ಲಿ 'ಹೆಚ್ಚಿನ ಜನರನ್ನು ನಂಬಬಹುದು' ಎಂದವರ ಪ್ರಮಾಣ, ಅದೇ ಪ್ರಶ್ನೆಗೆ, ಅದೇ ಮಾತುಗಳಲ್ಲಿ, 1972ರಲ್ಲಿ ಶೇ 46 ಇದ್ದದ್ದು 2018ರಲ್ಲಿ ಶೇ 34 ಆಯಿತೆಂದರೆ, ಪ್ರಶ್ನೆಯ ದೋಷ ಎರಡೂ ಕಡೆ ಒಂದೇ ಆಗಿರುವುದರಿಂದ, ಇಳಿದದ್ದು ನಿಜವೆಂದು ಹೇಳಲು ಆಧಾರವಿದೆ. ಕೋವಿಡ್ ಕಾಲದಲ್ಲಿ ಆ ಸಮೀಕ್ಷೆ ಮನೆಭೇಟಿಯಿಂದ ಅಂತರ್ಜಾಲದ ಕಡೆಗೆ ಹೊರಳಿದ ಮೇಲೆ ಅಷ್ಟು ಧೈರ್ಯವಾಗಿ ಹೋಲಿಸಲಾಗುತ್ತಿಲ್ಲ. ಐವತ್ತು ವರ್ಷ ಕಾಯ್ದುಕೊಂಡ ದಾರ ಅಲ್ಲಿ ಗಂಟುಬಿದ್ದಿದೆ. ನಮ್ಮಲ್ಲಿ ಲೋಕನೀತಿ ಮತ್ತು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ ಸೇನೆ ಮತ್ತು ನ್ಯಾಯಾಲಯ ಮೇಲೆ, ಪೊಲೀಸರು ಮತ್ತು ರಾಜಕೀಯ ಪಕ್ಷಗಳು ಕೆಳಗೆ ಎಂಬ ಕ್ರಮ ಕಂಡುಬಂದಿದೆ. ಈ ಕ್ರಮವನ್ನು ಓದುವಾಗಲೂ ಒಂದು ಮಾತು: ಸೇನೆಯ ಕಚೇರಿಗೆ ಅರ್ಜಿ ಹಿಡಿದು ಹೋದವರು ನಮ್ಮಲ್ಲಿ ವಿರಳ, ಪೊಲೀಸ್ ಠಾಣೆಗೂ ಪಕ್ಷದವರ ಬಾಗಿಲಿಗೂ ಅಲೆದವರು ಊರಿಗೆ ಹತ್ತಿಪ್ಪತ್ತು ಮಂದಿ. ಒಂದು ದೂರದ ಗೌರವ, ಇನ್ನೊಂದು ಹತ್ತಿರದ ಅನುಭವ. ಎರಡನ್ನೂ 'ನಂಬಿಕೆ' ಎಂಬ ಒಂದೇ ಕಾಲಮ್ಮಿನಲ್ಲಿ ಬರೆದಿದೆ.

ಅಂತರವನ್ನು ನೋಡಬೇಕೆಂದರೆ ಮತ್ತೆ ಮತ್ತೆ, ಅದೇ ಮಾತುಗಳಲ್ಲಿ ಕೇಳಬೇಕು. ಮಾನವ ಅಭಿವೃದ್ಧಿ ಸಮೀಕ್ಷೆ 2004–05ರಲ್ಲಿ ಹೋದ ಮನೆಗಳಿಗೇ 2011–12ರಲ್ಲಿ ಮತ್ತೆ ಹೋಗಿ ಪೊಲೀಸರು, ಪಂಚಾಯಿತಿ, ಶಾಲೆ, ಆಸ್ಪತ್ರೆ, ನ್ಯಾಯಾಲಯ, ಬ್ಯಾಂಕುಗಳ ಮೇಲಿನ ನಂಬಿಕೆಯನ್ನು ಕೇಳಿದ್ದು ಅದಕ್ಕಾಗಿಯೇ ಅಮೂಲ್ಯ. ಇಲ್ಲಿ ಓದುಗರಿಗೆ ಬಹಳ ಸರಳವಾದ ಒಂದು ಅನುಕೂಲವನ್ನು ನಮ್ಮ ಸಮೀಕ್ಷಾ ಸಂಸ್ಥೆಗಳು ಮಾಡಿಕೊಡಬಹುದು. ಬಹಳಷ್ಟು ವರದಿಗಳ ಕೊನೆಯಲ್ಲಿ ಪ್ರಶ್ನಾವಳಿ ಅಚ್ಚಾಗಿರುತ್ತದೆ, ಇಂಗ್ಲಿಷಿನಲ್ಲಿ. ರಾಯಚೂರಿನಲ್ಲೋ ಶಿವಮೊಗ್ಗದಲ್ಲೋ ಜಗಲಿಯ ಮೇಲೆ ಕೂತವರು ಆ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿಸಿಕೊಂಡಿರಲಿಲ್ಲ. ಅವರಿಗೆ ಕೇಳಿಸಿದ್ದು 'ನಂಬಿಕೆ'ಯೋ 'ವಿಶ್ವಾಸ'ವೋ 'ಭರವಸೆ'ಯೋ, 'ಹೆಚ್ಚಿನ ಜನ'ವೋ 'ಬಹುತೇಕ ಮಂದಿ'ಯೋ, 'ಜನಾಂಗ'ವೋ 'ಜಾತಿ'ಯೋ ಎಂಬುದು ಇಂತಹ ವರದಿಗಳನ್ನು ಓದಿದವರಿಗೆ ತಿಳಿಯುವುದಿಲ್ಲ. ಆ ಕನ್ನಡ ಪ್ರತಿ ಸಮೀಕ್ಷಕರ ಕೈಯಲ್ಲಿ, ಟ್ಯಾಬ್ಲೆಟ್ಟಿನೊಳಗೆ ಇದ್ದೇ ಇರುತ್ತದೆ; ಅದನ್ನು ಅಂಕಿಯ ಪಕ್ಕದಲ್ಲೇ ಅಚ್ಚುಹಾಕಲು ತಗಲುವುದು ಕೆಲವು ಪುಟಗಳು.